ಬೆಂಡು ನೋಡಲೋ, ಮಿಂಚುಳ್ಳಿ ನೋಡಲೋ?

ಬೆಂಡುಗಾರ

ಗಾಳ ಹಾಕಲು ಶುರು ಮಾಡಿ ಹನ್ನೆರಡು ವರ್ಷವಾಯಿತು. ನದಿ, ಹಳ್ಳ, ತೊರೆ ಯಾವುದಾದರೂ ಸರಿ, ಹರಿಯುವ ನೀರು ಕಂಡರೆ ಕಾಲು ಅಲ್ಲೇ ನಿಲ್ಲುತ್ತದೆ. ಈಗ ಒಂದು ವರ್ಷದಿಂದ ಹೊಸ ಕಾಯಿಲೆ ಅಂಟಿಕೊಂಡಿದೆ. ಗಾಳದ ದಾರಕ್ಕೆ ಕಟ್ಟಿ ನೀರಲ್ಲಿ ತೇಲಿಬಿಟ್ಟ ಬೆಂಡಿನ ಮೇಲಿರಬೇಕಾದ ಕಣ್ಣು ಹಕ್ಕಿಗಳ ಹಿಂದೆ ಹೋಗುತ್ತದೆ.

ಮೊನ್ನೆ ಬೆಳಿಗ್ಗೆ ಒಂದು ಮಿಂಚುಳ್ಳಿ ಬಂದು ನನ್ನ ಗಾಳದ ಕೋಲಿನ ತುದಿಯಲ್ಲೇ ಕೂತಿತು. ಉಸಿರು ಬಿಗಿಹಿಡಿದು ಕೂತೆ. ಅದು ತಲೆ ಬಗ್ಗಿಸಿ ನೀರು ನೋಡಿತು. ಧುಮುಕಿತು. ಮರಿಮೀನು ಕಚ್ಚಿಕೊಂಡು ಹಾರಿಹೋಯಿತು. ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ. ತಿರುಗಿ ನೋಡಿದರೆ ನನ್ನ ಬೆಂಡು ಮುಳುಗಿ ಎಷ್ಟು ಹೊತ್ತಾಗಿತ್ತೋ. ಎಳೆದೆ. ಎರೆಹುಳುವೂ ಇಲ್ಲ, ಮೀನೂ ಇಲ್ಲ. ಆದರೂ ಮನೆಗೆ ನಗುತ್ತಲೇ ಬಂದೆ.

ಹಾಗಾಗಿ ಕೇಳುತ್ತಿದ್ದೇನೆ. ಎರಡನ್ನೂ ಒಟ್ಟಿಗೆ ಮಾಡುವವರು ಇಲ್ಲಿ ಯಾರಾದರೂ ಇದ್ದೀರಾ? ಒಂದು ಬೈನಾಕ್ಯುಲರ್ ತೆಗೆದುಕೊಳ್ಳೋಣ ಅಂತಿದ್ದೇನೆ. ಅದು ಇದ್ದರೆ ಗಾಳ ಹಾಕಿದ ಹಾಗೇ ಅಂತ ಗೆಳೆಯರು ನಗುತ್ತಾರೆ.

ಹಳೇಗಾಳ

ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಅಂತ ಹೇಳಲು ಬಂದೆ. ಬರೆಯುವಾಗ ಮನಸ್ಸು ಬದಲಾಯಿತು.

ತಮ್ಮಾ, ನಾನು ನಲವತ್ತು ವರ್ಷದಿಂದ ಮೀನು ಹಿಡಿಯುತ್ತಿದ್ದೇನೆ. ಮೀನು ಎಲ್ಲಿದೆ ಅಂತ ನನಗೆ ಹೇಳಿದ್ದು ಹಕ್ಕಿಗಳೇ. ಹೊಸ ಜಾಗಕ್ಕೆ ಹೋದರೆ ಮೊದಲ ಅರ್ಧ ಗಂಟೆ ನಾನು ಗಾಳ ಬಿಚ್ಚುವುದೇ ಇಲ್ಲ. ಸುಮ್ನೆ ಕೂತು ನೋಡುತ್ತೇನೆ. ಅಂಬರಗುಬ್ಬಿಗಳು ನೀರಿಗೆ ತಾಗುವಷ್ಟು ಕೆಳಗೆ ಹಾರುತ್ತಿವೆಯಾ? ಹಾಗಿದ್ದರೆ ನೀರಿನಿಂದ ಹುಳುಗಳು ಎದ್ದು ಬರುತ್ತಿವೆ. ಹುಳು ಎದ್ದರೆ ಮೀನೂ ಮೇಲೆ ಬರುತ್ತದೆ. ಆಗ ತಳಕ್ಕೆ ಗುಂಡು ಕಟ್ಟಿ ಎರೆಹುಳು ಬಿಟ್ಟರೆ ದಿನ ಹಾಳು. ಬಾಲ ಕುಣಿಸುವ ಸಿಪಿಲೆ ಕಲ್ಲಿಂದ ಕಲ್ಲಿಗೆ ಹಾರಿ ಗಾಳಿಯಲ್ಲೇ ಏನೋ ಕಚ್ಚುತ್ತಿದ್ದರೂ ಅದೇ ಅರ್ಥ.

ರೀವ ಹಕ್ಕಿಗಳು ಒಂದೇ ಕಡೆ ಮೇಲಿಂದ ಮೇಲೆ ಧುಮುಕುತ್ತಿದ್ದರೆ ಅಲ್ಲಿ ಮರಿಮೀನುಗಳ ಹಿಂಡು ಮೇಲೆ ಬಂದಿದೆ. ಸುಮ್ನೆ ಮೇಲೆ ಬಂದಿರುವುದಿಲ್ಲ. ಎಷ್ಟೋ ಸಲ ಕೆಳಗಿಂದ ದೊಡ್ಡದು ಅಟ್ಟಿಸಿಕೊಂಡು ಬಂದಿರುತ್ತದೆ. ನಮಗೆ ಬೇಕಾದದ್ದು ಆ ಕೆಳಗಿನದು.

ಬಕ ನಿಂತಿರುವ ಜಾಗ ಮಾತ್ರ ಮೋಸ ಮಾಡಬಹುದು. ಅದು ಮೊಣಕಾಲು ನೀರಲ್ಲಿ ಸಿಗುವ ಸಣ್ಣಪುಟ್ಟದ್ದಕ್ಕೆ ನಿಂತಿರುತ್ತದೆ. ಕೆಲವು ಸಲ ಸುಮ್ನೆ ನಿದ್ದೆ ಮಾಡುತ್ತಿರುತ್ತದೆ. ಬಕಧ್ಯಾನ ಅಂತ ನಾವು ಬೈಯುತ್ತೇವೆ, ಅರ್ಧ ಸಲ ಅದು ಬರೀ ತೂಕಡಿಕೆ.

ತೊರೆಗಲ್ಲು

ಎರಡನ್ನೂ ಮಾಡುತ್ತೇನೆ. ನನಗೆ ಬಂದ ದೊಡ್ಡ ತೊಂದರೆ ಸೂರ್ಯ.

ಹಕ್ಕಿ ನೋಡುವವರಿಗೆ ಸೂರ್ಯ ಬೆನ್ನ ಹಿಂದೆ ಇರಬೇಕು. ಇಲ್ಲದಿದ್ದರೆ ಬಣ್ಣ ಕಾಣದೆ ಬರೀ ಕಪ್ಪು ಆಕಾರ ಕಾಣುತ್ತದೆ. ಗಾಳ ಹಾಕುವವರಿಗೆ ಇದು ತಿರುಗುಮುರುಗು. ಸೂರ್ಯ ಬೆನ್ನಿಗಿದ್ದರೆ ನೆರಳು ನೀರಿನ ಮೇಲೆ ಬೀಳುತ್ತದೆ, ಮೀನು ಓಡುತ್ತದೆ. ಎರಡೂ ಬೇಕಾದರೆ ಬಿಸಿಲು ಪಕ್ಕದಿಂದ ಬರುವ ದಡ ಹುಡುಕಬೇಕು. ನದಿ ತಿರುವು ತೆಗೆದುಕೊಳ್ಳುವ ಕಡೆ ಅಂಥ ಜಾಗ ಸಿಗುತ್ತದೆ. ಅಥವಾ ಹಿಂದೆ ಮರ ಇರಬೇಕು. ಆಗ ನಮ್ಮ ನೆರಳು ಮರದ ನೆರಳಲ್ಲೇ ಕರಗುತ್ತದೆ.

ಬೈನಾಕ್ಯುಲರ್ ವಿಷಯ. 8x42 ತೆಗೆದುಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ ಅಂತ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 42 ಅನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬರುವ ಬೆಳಕಿನ ಬಿಂದು ಅಷ್ಟು ಮಿಲಿಮೀಟರ್ ಅಗಲ. 10x42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ನಾವು ನೀರಿನ ಹತ್ತಿರ ಇರುವುದೇ ಮುಂಜಾನೆ ಮತ್ತು ಮುಸ್ಸಂಜೆ. ಆಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಇನ್ನೊಂದು, ಹತ್ತು ಪಟ್ಟಿನದರಲ್ಲಿ ಕೈ ನಡುಕವೂ ಹತ್ತು ಪಟ್ಟು. ಒಂದು ಕೈಯಲ್ಲಿ ಕೋಲು ಹಿಡಿದಿರುವವರಿಗೆ ಅದು ಬೇಡವೇ ಬೇಡ.

ಅದಕ್ಕಿಂತ ಮೊದಲು ಒಂದು ಪೋಲರೈಸ್ಡ್ ಕನ್ನಡಕ. ನೀರಿನ ಮೇಲಿನ ಹೊಳಪು ಕಡಿಮೆಯಾಗಿ ತಳ ಕಾಣುತ್ತದೆ. ನೇರ ಕೆಳಗೆ ನೋಡಿದರೆ ಜಾಸ್ತಿ ಲಾಭವಿಲ್ಲ, ತೀರಾ ದೂರ ನೋಡಿದರೂ ಇಲ್ಲ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ಅದರ ಕೆಲಸ ಚೆನ್ನಾಗಿರುತ್ತದೆ.

ಮೀನು ನಮ್ಮನ್ನು ಹೇಗೆ ನೋಡುತ್ತದೆ ಅಂತಲೂ ತಿಳಿದಿರಲಿ. ನೀರೊಳಗಿಂದ ಮೇಲೆ ನೋಡಿದರೆ ಹೊರಲೋಕವೆಲ್ಲ ಸುಮಾರು 97 ಡಿಗ್ರಿಯ ದುಂಡು ಕಿಟಕಿಯೊಂದರಲ್ಲಿ ಅಡಕವಾಗಿ ಕಾಣುತ್ತದೆ. ಅದರಾಚೆ ನೀರಿನ ಮೇಲ್ಮೈ ಕನ್ನಡಿಯ ಹಾಗೆ. ದಡದಲ್ಲಿ ನೆಟ್ಟಗೆ ನಿಂತವನು ಆ ಕಿಟಕಿಯೊಳಗೆ ಬರುತ್ತಾನೆ. ಕೂತವನು ಕಿಟಕಿಯ ಅಂಚಿನಲ್ಲಿ ಅಪ್ಪಚ್ಚಿಯಾಗಿ ಹೋಗುತ್ತಾನೆ. ಹಕ್ಕಿಗೂ ಕೂತ ಮನುಷ್ಯನ ಭಯ ಕಡಿಮೆ. ಇದೊಂದು ವಿಷಯದಲ್ಲಿ ಇಬ್ಬರಿಗೂ ಒಂದೇ ಔಷಧಿ: ಕೂತುಕೊಳ್ಳಿ.

ಹಳೇಗಾಳ

ಡಿಗ್ರಿ ಗಿಗ್ರಿ ನನಗೆ ಗೊತ್ತಿಲ್ಲ. ಕೂರಬೇಕು ಅನ್ನುವುದು ಗೊತ್ತು. ಮೆತ್ತಗೆ ನಡೆಯಬೇಕು ಅನ್ನುವುದನ್ನೂ ಸೇರಿಸಿ. ದಡದಲ್ಲಿ ಧಪಧಪ ಹೆಜ್ಜೆ ಹಾಕಿದರೆ ಮೀನಿಗೆ ಮೈಯಲ್ಲೇ ಗೊತ್ತಾಗುತ್ತದೆ. ಮಾತಾಡಿದರೆ ಅಷ್ಟು ತೊಂದರೆಯಿಲ್ಲ, ಗಾಳಿಯ ಸದ್ದು ನೀರಿಗೆ ಜಾಸ್ತಿ ಇಳಿಯುವುದಿಲ್ಲ.

ನೀರುಕೋಳಿ

ಮೀನಿಗೆ ತೊಂದರೆಯಿಲ್ಲ, ಹಕ್ಕಿಗೆ ಇದೆ ಯಜಮಾನ್ರೇ! ನೀವು ಗಾಳದವರು ದಡದಲ್ಲಿ ಹರಟೆ ಹೊಡೆಯುತ್ತಾ ಕೂತರೆ ನಾವು ಹಕ್ಕಿಯವರು ಎಲ್ಲಿಗೆ ಹೋಗಬೇಕು?

ತಮಾಷೆ ಬಿಡಿ. ನಾನು ಗಾಳ ಮುಟ್ಟಿದವಳಲ್ಲ. ಆದರೆ ಒಂದು ಹೊಟ್ಟೆಕಿಚ್ಚು ಇದೆ. ಹಕ್ಕಿ ನೋಡುವವರು ನಡೆಯುತ್ತಲೇ ಇರುತ್ತೇವೆ. ಗಾಳದವರು ಒಂದೇ ಕಡೆ ಮೂರು ಗಂಟೆ ಕೂರುತ್ತಾರೆ. ಮೊದಲ ಇಪ್ಪತ್ತು ನಿಮಿಷ ಹಕ್ಕಿಗಳು ದೂರ ಇರುತ್ತವೆ. ಆಮೇಲೆ ನೀವೂ ಒಂದು ಮೋಟು ಮರ. ಬೆಂಡುಗಾರರ ಕೋಲಿನ ಮೇಲೆ ಮಿಂಚುಳ್ಳಿ ಕೂತಿದ್ದು ಅದಕ್ಕೇ. ಹದಿನೈದು ವರ್ಷದಿಂದ ಕತ್ತಿಗೆ ಬೈನಾಕ್ಯುಲರ್ ನೇತುಹಾಕಿಕೊಂಡು ತಿರುಗುತ್ತಿದ್ದೇನೆ, ನನ್ನ ಮೇಲೆ ಯಾವ ಹಕ್ಕಿಯೂ ಕೂತಿಲ್ಲ.

ಬೆಂಡುಗಾರರೇ, ಮುಂದಿನ ಸಲ ಒಂದು ಗಮನಿಸಿ. ಮಿಂಚುಳ್ಳಿ ಹಿಡಿದ ಮೀನನ್ನು ಕೊಂಬೆಗೆ ಬಡಿದ ಮೇಲೆ ಕೊಕ್ಕಿನಲ್ಲಿ ಹೇಗೆ ಹಿಡಿಯುತ್ತದೆ? ತಾನೇ ನುಂಗುವುದಾದರೆ ಮೀನಿನ ತಲೆ ತನ್ನ ಗಂಟಲಿನ ಕಡೆ. ತಲೆ ಮೊದಲು ಹೋದರೆ ರೆಕ್ಕೆ, ಮುಳ್ಳು ಚುಚ್ಚುವುದಿಲ್ಲ. ಮೀನಿನ ತಲೆ ಹೊರಗಡೆ ಇದ್ದರೆ ಅದು ಬೇರೆಯವರಿಗೆ. ಜೋಡಿಗೋ, ಮರಿಗೋ. ಹಾಗೆ ಹಿಡಿದು ಹಾರಿದ್ದು ಕಂಡರೆ ಹತ್ತಿರದಲ್ಲೇ ಗೂಡಿರಬಹುದು.

ಹೊಸಗಣ್ಣು

ನನ್ನದು ದಡ್ಡ ಪ್ರಶ್ನೆ. ಮಿಂಚುಳ್ಳಿ ನನಗೆ ಬರೀ ನೀಲಿ ಗೆರೆಯಾಗಿ ಕಾಣುತ್ತದೆ. ನೋಡುವಷ್ಟರಲ್ಲಿ ಇಲ್ಲ. ಉಳಿದಂತೆ ಬಿಳಿ ಇದ್ದದ್ದೆಲ್ಲ ಬೆಳ್ಳಕ್ಕಿ, ಕಪ್ಪು ಇದ್ದದ್ದೆಲ್ಲ ನೀರುಕಾಗೆ. ಎಲ್ಲಿಂದ ಶುರು ಮಾಡಲಿ?

ನೀರುಕೋಳಿ

ದಡ್ಡ ಪ್ರಶ್ನೆ ಅಲ್ಲ. ಎಲ್ಲರೂ ಅಲ್ಲಿಂದಲೇ ಶುರು ಮಾಡಿದ್ದು.

ಬಣ್ಣ ಬಿಡಿ, ಮೀನು ಹಿಡಿಯುವ ರೀತಿ ನೋಡಿ. ನದಿ ಹಕ್ಕಿಗಳನ್ನು ಗುರುತಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕೊಂಬೆಯ ಮೇಲೆ ಕೂತು, ನೀರು ನೋಡಿ, ನೆಟ್ಟಗೆ ಧುಮುಕಿದರೆ ಮಿಂಚುಳ್ಳಿ. ಕೂರದೆ ಗಾಳಿಯಲ್ಲೇ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು ಆಮೇಲೆ ಬಿದ್ದರೆ, ಮೈಯೆಲ್ಲ ಕಪ್ಪು ಬಿಳುಪಾಗಿದ್ದರೆ, ಕಪ್ಪುಬಿಳಿ ಮಿಂಚುಳ್ಳಿ. ಅದರ ಗಂಡಿಗೆ ಎದೆಯಲ್ಲಿ ಎರಡು ಕಪ್ಪು ಪಟ್ಟಿ, ಹೆಣ್ಣಿಗೆ ನಡುವೆ ತುಂಡಾದ ಒಂದೇ ಪಟ್ಟಿ. ಸಣ್ಣ ನೀಲಿ ಮಿಂಚುಳ್ಳಿಯಲ್ಲಿ ಕೊಕ್ಕು ನೋಡಬೇಕು. ಪೂರ್ತಿ ಕಪ್ಪಾಗಿದ್ದರೆ ಗಂಡು, ಕೆಳಗಿನ ಅರ್ಧ ಕೆಂಪು ಕಿತ್ತಳೆಯಾಗಿದ್ದರೆ ಹೆಣ್ಣು. ಒಂದು ಸಲ ನೋಡಿದರೆ ಮರೆಯುವುದಿಲ್ಲ.

ನೀರಿನ ಮೇಲೆ ಈಜುತ್ತಾ ಮುಳುಗಿ ಬೇರೆ ಕಡೆ ಏಳುವವು ಮೂರು. ಪುಟ್ಟದಾಗಿ, ದುಂಡಗೆ, ಗುಳುಕ್ ಅಂತ ಮಾಯವಾದರೆ ಗುಳುಮುಳುಕ. ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿದ್ದರೆ ನೀರುಕಾಗೆ. ಮೈ ಪೂರ್ತಿ ನೀರೊಳಗಿದ್ದು ಕತ್ತು ಮಾತ್ರ ಹಾವಿನ ಹಾಗೆ ಹೊರಗಿದ್ದರೆ ಹಾವಕ್ಕಿ. ನೀರುಕಾಗೆ ಕೊಕ್ಕಿನಲ್ಲಿ ಕಚ್ಚಿ ಹಿಡಿಯುತ್ತದೆ, ಹಾವಕ್ಕಿ ಭರ್ಜಿಯ ಹಾಗೆ ತಿವಿಯುತ್ತದೆ. ಎರಡರ ರೆಕ್ಕೆಯೂ ನೀರು ಕುಡಿಯುತ್ತದೆ. ಮುಳುಗಲು ಅದರಿಂದ ಅನುಕೂಲ. ಅದಕ್ಕೇ ಆಮೇಲೆ ಬಂಡೆಯ ಮೇಲೆ ರೆಕ್ಕೆ ಹರಡಿಕೊಂಡು ಒಣಗಿಸುತ್ತಾ ನಿಲ್ಲುವುದು.

ಬಿಳಿಯವುಗಳಲ್ಲಿ ಮೊದಲು ಕಾಲು ನೋಡಿ. ಕಾಲು ಕಪ್ಪು, ಪಾದ ಮಾತ್ರ ಹಳದಿ, ಕಾಲುಚೀಲ ಹಾಕಿದ ಹಾಗಿದ್ದರೆ ಅದು ಚಿಕ್ಕ ಬೆಳ್ಳಕ್ಕಿ. ಆ ಹಳದಿ ಪಾದವನ್ನು ಕೆಸರಿನಲ್ಲಿ ಕುಲುಕುತ್ತದೆ. ಅಡಗಿದ್ದ ಮರಿಮೀನು ಹೆದರಿ ಎದ್ದು ಓಡುತ್ತದೆ, ಕೊಕ್ಕಿಗೆ ಸಿಗುತ್ತದೆ.

ಗಾಳದವರಿಗೆ ಇಷ್ಟವಾಗುವ ಹಕ್ಕಿಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಹಸಿರು ಬಕ. ಇದರ ಜಾತಿಯ ಕೆಲವು ಹಕ್ಕಿಗಳು ಎರೆ ಹಾಕಿ ಮೀನು ಹಿಡಿಯುತ್ತವೆ! ಒಂದು ಹುಳುವನ್ನೋ, ಗರಿಯನ್ನೋ, ಬ್ರೆಡ್ ಚೂರನ್ನೋ ನೀರಿನ ಮೇಲೆ ಬಿಡುತ್ತವೆ. ಮೀನು ನೋಡಲು ಬಂದರೆ ಮುಗಿಯಿತು. ಎರೆ ತೇಲಿ ದೂರ ಹೋದರೆ ಕಚ್ಚಿ ತಂದು ಮತ್ತೆ ಅದೇ ಜಾಗಕ್ಕೆ ಬಿಡುತ್ತವೆ.

ಹಳೇಗಾಳ

ಬೆಂಡಿಲ್ಲದೆ, ದಾರವಿಲ್ಲದೆ. ನಾವೇ ದಡ್ಡರು.

ತೊರೆಗಲ್ಲು

ಬಕದ ಇನ್ನೊಂದು ವಿದ್ಯೆ ಹೇಳುತ್ತೇನೆ. ನೀರಿನೊಳಗಿನ ಮೀನು ನಮಗೆ ಕಾಣುವ ಜಾಗದಲ್ಲಿ ಇರುವುದಿಲ್ಲ. ನೇರ ಮೇಲಿನಿಂದ ನೋಡಿದರೂ ನಾಲ್ಕು ಅಡಿ ಆಳದ್ದು ಮೂರೇ ಅಡಿಯಲ್ಲಿ ಇದ್ದ ಹಾಗೆ ಕಾಣುತ್ತದೆ. ಓರೆಯಾಗಿ ನೋಡಿದರೆ ಮೋಸ ಇನ್ನೂ ಜಾಸ್ತಿ. ಬೆಳ್ಳಕ್ಕಿ, ಬಕಗಳು ಈ ವ್ಯತ್ಯಾಸವನ್ನು ಸರಿತೂಗಿಸಿಕೊಂಡೇ ಕೊಕ್ಕು ಬೀಸುತ್ತವೆ. ಮೊಣಕಾಲೇ ಮುಳುಗುವುದಿಲ್ಲ ಅಂದುಕೊಂಡು ಸೊಂಟದವರೆಗೆ ಮುಳುಗಿದ ನನಗೆ ಇದರ ಬೆಲೆ ಗೊತ್ತು.

ಮಿಂಚುಳ್ಳಿಯ ಕೊಕ್ಕಿನ ಕಥೆ ಕೆಲವರು ಕೇಳಿರಬಹುದು. ಜಪಾನಿನ 500 ಸರಣಿಯ ಬುಲೆಟ್ ರೈಲು 1997ರಲ್ಲಿ ಓಡಲು ಶುರುವಾಯಿತು. ಅದಕ್ಕೂ ಮೊದಲು ವೇಗದ ರೈಲು ಸುರಂಗದಿಂದ ಹೊರಬರುವಾಗ ಢಮ್ ಅಂತ ಸದ್ದಾಗುತ್ತಿತ್ತು. ಆ ರೈಲಿನ ಎಂಜಿನಿಯರುಗಳಲ್ಲಿ ಒಬ್ಬರಾದ ಏಜಿ ನಕಾತ್ಸು ಹಕ್ಕಿ ನೋಡುವ ಹವ್ಯಾಸದವರು. ನೀರು ಚಿಮ್ಮಿಸದೆ ಧುಮುಕುವ ಮಿಂಚುಳ್ಳಿಯ ಕೊಕ್ಕಿನ ಆಕಾರವನ್ನು ರೈಲಿನ ಮೂತಿಗೆ ತಂದರು. ಸದ್ದು ತಗ್ಗಿತು. ಬೆಂಡು ಬಿಟ್ಟು ಹಕ್ಕಿ ನೋಡಿದರೆ ಏನು ಲಾಭ ಅಂತ ಗೆಳೆಯರು ಕೇಳಿದರೆ ಇದನ್ನು ಹೇಳಿ.

ಮಡುವಿನಮೀನು

ಎಲ್ಲರೂ ಹಕ್ಕಿಗಳನ್ನು ಹೊಗಳುತ್ತಿದ್ದೀರಿ. ನಾನು ಸ್ವಲ್ಪ ಬೈಯಲಾ?

ನಾನು ಗಾಳ ಹಾಕುವ ಮಡುವಿಗೆ ಎರಡು ತಿಂಗಳ ಹಿಂದೆ ನೀರುಕಾಗೆಗಳ ಹಿಂಡು ಬಂತು. ನಲವತ್ತಕ್ಕೆ ಕಡಿಮೆಯಿಲ್ಲ. ದೊಡ್ಡ ನೀರುಕಾಗೆ ದಿನಕ್ಕೆ ಸುಮಾರು ಅರ್ಧ ಕಿಲೋ ಮೀನು ತಿನ್ನುತ್ತದೆ. ಅಂದರೆ ದಿನಕ್ಕೆ ಇಪ್ಪತ್ತು ಕಿಲೋ. ಅವತ್ತಿನಿಂದ ನನ್ನ ಬೆಂಡು ಅಲ್ಲಾಡಿಲ್ಲ. ನಾನು ಎರಡು ಮೀನು ಹಿಡಿದು ಒಂದನ್ನು ವಾಪಸ್ ಬಿಟ್ಟರೆ ಏನು ಬಂತು?

ಹಳೇಗಾಳ

ಲೆಕ್ಕ ತಪ್ಪಿಲ್ಲ. ಆದರೆ ಬೆಂಡು ಅಲ್ಲಾಡದಿರುವುದಕ್ಕೆ ಮೀನು ಖಾಲಿಯಾಗಿರಲೇಬೇಕಿಲ್ಲ. ನೀರುಕಾಗೆ ಹಿಂಡು ಬಿದ್ದ ಮಡುವಿನಲ್ಲಿ ಮೀನು ಬೇರಿನ ಸಂದಿ, ಬಂಡೆಯ ಅಡಿ ಸೇರಿಕೊಂಡು ಹಗಲೆಲ್ಲ ಹೊರಗೆ ಬರುವುದಿಲ್ಲ. ತಿನ್ನುವ ಮನಸ್ಸೂ ಇರುವುದಿಲ್ಲ. ನಾನಾಗಿದ್ದರೆ ಮಡುವಿನ ನಡುವೆ ಎಸೆಯುವುದು ಬಿಟ್ಟು, ಹಿಂಡು ಮರಕ್ಕೆ ಹೋದ ಮೇಲೆ ಸಂಜೆ ಬೇರಿನ ಬುಡಕ್ಕೆ ಬಿಡುತ್ತಿದ್ದೆ.

ನೀರುಕೋಳಿ

ಮೀನು ಕಡಿಮೆಯಾದರೆ ಮೊದಲು ಮೇಲೆ ಕೆಳಗೆ ನಡೆದು ನೋಡಿ. ಮೊಟ್ಟೆಯಿಡಲು ಮೀನು ಹತ್ತಿಹೋಗುವ ದಾರಿಗೆ ಅಡ್ಡ ಕಟ್ಟೆ ಬಂದಿದೆಯಾ? ದಡದ ಗಿಡಗಂಟಿ ಬೋಳಾಗಿದೆಯಾ? ಮರಿಮೀನಿಗೆ ನೆರಳು, ಅಡಗುತಾಣ ಎಲ್ಲ ಅದರಿಂದಲೇ ಅಲ್ವಾ. ಹಕ್ಕಿ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಬೈಗುಳವೂ ಅದಕ್ಕೇ.

ಮಡುವಿನಮೀನು

ಕಟ್ಟೆ ಇಲ್ಲ ಮೇಡಂ, ಗಿಡವೂ ಇದೆ. ನೀರು ಇಳಿದು ಮೀನೆಲ್ಲ ಒಂದೇ ಗುಂಡಿಯಲ್ಲಿ ಸೇರಿಕೊಂಡಾಗ ಈ ಹಿಂಡು ಬಂದರೆ?

ನೀರುಕೋಳಿ

ಅದು ನಿಜ. ನೀರು ಇಳಿದ ಕಾಲದಲ್ಲಿ ಸಣ್ಣ ಗುಂಡಿಗೆ ಹಿಂಡು ಬಿದ್ದರೆ ನಷ್ಟ ಆಗುತ್ತದೆ. ಅದನ್ನು ಇಲ್ಲ ಅನ್ನಲಾರೆ. ಆದರೆ ಅಂಥ ಗುಂಡಿಗೆ ನಾವೂ ಗಾಳ ಹಾಕಬಾರದು. ಎಲ್ಲಿಗೂ ಓಡಲಾಗದ ಮೀನು ಅದು.

ಹಳೇಗಾಳ

ಇದಕ್ಕೆ ನನ್ನದೂ ಒಂದು ಓಟು. ನೀರುಕಾಗೆಯನ್ನು ಬೈಯುವವರು ಅದನ್ನೇ ಕೆಲಸಕ್ಕೆ ಇಟ್ಟುಕೊಂಡವರನ್ನೂ ನೆನೆಯಬೇಕು. ಜಪಾನಿನ ನಾಗರಾ ನದಿಯಲ್ಲಿ ಸಾವಿರಕ್ಕೂ ಹೆಚ್ಚು ವರ್ಷದಿಂದ ಹಾಗೆ ಮೀನು ಹಿಡಿಯುತ್ತಾರೆ. ರಾತ್ರಿ ದೋಣಿಯ ಮುಂದೆ ಬೆಂಕಿ ಹಚ್ಚಿ, ಹಕ್ಕಿಯ ಕತ್ತಿಗೆ ದಾರ ಕಟ್ಟಿ ಬಿಡುತ್ತಾರೆ. ದೊಡ್ಡ ಮೀನು ಗಂಟಲಲ್ಲೇ ನಿಲ್ಲುತ್ತದೆ, ಸಣ್ಣದು ಹಕ್ಕಿಯ ಹೊಟ್ಟೆಗೆ. ಹಕ್ಕಿಗೆ ಇದು ಇಷ್ಟವೋ ಇಲ್ಲವೋ, ಅದನ್ನೇ ಕೇಳಬೇಕು.

ಬಿಳಿಗರಿ

ದಾರದ ಮಾತು ಬಂತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಗಾಯಗೊಂಡ ಹಕ್ಕಿಗಳ ಆರೈಕೆಯಲ್ಲಿ ಕೈಜೋಡಿಸುತ್ತೇನೆ. ನದಿ ದಡದಿಂದ ಬರುವ ಹಕ್ಕಿಗಳಲ್ಲಿ ಮತ್ತೆ ಮತ್ತೆ ನೋಡುವುದು ನೈಲಾನ್ ದಾರ.

ಕಳೆದ ವರ್ಷ ಒಂದು ಬೆಳ್ಳಕ್ಕಿ ಬಂತು. ಕಾಲಿಗೆ ದಾರ ಸುತ್ತಿ ಕೊಂಬೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತಂತೆ. ಎಷ್ಟು ದಿನ ಅಂತ ಯಾರಿಗೂ ಗೊತ್ತಿಲ್ಲ. ದಾರ ಚರ್ಮ ಕೊಯ್ದು ಮೂಳೆವರೆಗೆ ಇಳಿದಿತ್ತು. ಕಾಲು ಉಳಿಯಲಿಲ್ಲ. ಒಂದೇ ಕಾಲಿನ ಬೆಳ್ಳಕ್ಕಿ ನೀರಲ್ಲಿ ನಿಂತು ಹೇಗೆ ಬದುಕುತ್ತದೆ? ಮೂರನೇ ದಿನ ಸತ್ತಿತು. ದಾರದ ಇನ್ನೊಂದು ತುದಿಯಲ್ಲಿ ಕೆಂಪು ಬೆಂಡು ಹಾಗೇ ಇತ್ತು.

ಯಾರನ್ನೂ ಬೈಯಲು ಇದನ್ನು ಹೇಳುತ್ತಿಲ್ಲ. ಕೊಂಬೆಗೆ ಸಿಕ್ಕಿದ ದಾರವನ್ನು ಎಲ್ಲರೂ ಎಳೆದು ಹರಿಯುತ್ತಾರೆ. ಆದರೆ ನೀರಿನ ಮೇಲೆ ಬಾಗಿದ ಕೊಂಬೆ ಅಂದರೆ ಮಿಂಚುಳ್ಳಿ, ಬಕ, ಹಾವಕ್ಕಿ ಎಲ್ಲಕ್ಕೂ ಕೂರುವ ಜಾಗ. ನೀವು ಎಸೆಯುವ ಜಾಗವೂ ಅದೇ ಕೊಂಬೆಯ ಅಡಿ. ಅಲ್ಲೇ ಮೀನಿರುವುದು. ಹಾಗಾಗಿ ಹರಿದ ದಾರ ಸರಿಯಾಗಿ ಹಕ್ಕಿಯ ಕಾಲಿನ ಹತ್ತಿರವೇ ಉಳಿಯುತ್ತದೆ.

ಹಕ್ಕಿ ನಿಮ್ಮ ಗಾಳಕ್ಕೇ ಸಿಕ್ಕಿದರೆ ದಯವಿಟ್ಟು ದಾರ ಕತ್ತರಿಸಿ ಬಿಡಬೇಡಿ. ಹೆದರಿಕೆಯಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ. ಅದು ದಾರ ಎಳೆದುಕೊಂಡು ಹೋಗಿ ಯಾವುದೋ ಮರಕ್ಕೆ ಸಿಕ್ಕಿಕೊಂಡು ಸಾಯುತ್ತದೆ. ನಿಧಾನವಾಗಿ, ಸಡಿಲ ಬಿಡದೆ, ಜಗ್ಗದೆ ಹತ್ತಿರ ತನ್ನಿ. ಬಲೆಯಿದ್ದರೆ ಬಲೆಯಲ್ಲಿ ಎತ್ತಿ. ಬಂದ ಕೂಡಲೇ ತಲೆಯ ಮೇಲೆ ಒಂದು ಬಟ್ಟೆ ಹಾಕಿ. ಅಂಗಿ ಬಿಚ್ಚಿ ಹಾಕಿದರೂ ಸರಿ. ಕತ್ತಲಾದರೆ ಹಕ್ಕಿ ಅರ್ಧ ಸುಮ್ಮನಾಗುತ್ತದೆ. ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿಯಿರಿ.

ಬಕ, ಬೆಳ್ಳಕ್ಕಿ, ಹಾವಕ್ಕಿ ಆದರೆ ನಿಮ್ಮ ಕಣ್ಣು ಜೋಪಾನ. ಅವು ಹೊಳೆಯುವುದಕ್ಕೇ ಗುರಿಯಿಡುತ್ತವೆ. ತಲೆಯನ್ನು ಹಿಂದಿನಿಂದ ಹಿಡಿದು ನಿಮ್ಮ ಮುಖದಿಂದ ದೂರ ಇಡಿ. ನೀರುಕಾಗೆಯ ಕೊಕ್ಕನ್ನು ಮಾತ್ರ ಬಿಗಿಯಾಗಿ ಮುಚ್ಚಬೇಡಿ. ದೊಡ್ಡದಾದ ನೀರುಕಾಗೆಗೆ ಹೊರಗಿನ ಮೂಗಿನ ತೂತು ಮುಚ್ಚಿಹೋಗಿರುತ್ತದೆ, ಅದು ಬಾಯಿಂದಲೇ ಉಸಿರಾಡುತ್ತದೆ. ಎರಡು ಕೊಕ್ಕಿನ ನಡುವೆ ಒಂದು ಬೆರಳು ಇರಲಿ.

ಗಾಳ ಚರ್ಮಕ್ಕೆ ಚುಚ್ಚಿದ್ದರೆ ಬಂದ ದಾರಿಯಲ್ಲಿ ಎಳೆಯಬೇಡಿ, ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಒಳಮುಳ್ಳು ಮಾಂಸ ಹರಿಯುತ್ತದೆ. ಮುಂದಕ್ಕೆ ತಳ್ಳಿ, ತುದಿ ಹೊರಬಂದ ಮೇಲೆ ಮುಳ್ಳನ್ನು ಇಕ್ಕಳದಿಂದ ಕತ್ತರಿಸಿ, ಆಮೇಲೆ ಹಿಂದಕ್ಕೆ ತೆಗೆಯಿರಿ. ಗಾಳ ನುಂಗಿದ್ದರೆ ನೀವು ಏನೂ ಮಾಡಬೇಡಿ. ಹೊರಗೆ ಒಂದು ಗೇಣು ದಾರ ಬಿಟ್ಟು ಕತ್ತರಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯರ ಹತ್ತಿರ ಒಯ್ಯಿರಿ. ಆ ದಾರ ಹಿಡಿದೇ ಅವರು ಗಾಳ ಎಲ್ಲಿದೆ ಅಂತ ಹುಡುಕುವುದು. ನೀರು, ಆಹಾರ ಬಾಯಿಗೆ ಹಾಕಬೇಡಿ.

ಬೆಂಡುಗಾರ

ಬಿಳಿಗರಿಯವರೇ, ಇದನ್ನು ಓದಿ ಊಟ ಸೇರಲಿಲ್ಲ. ನಾನು ಗಾಳ ಹಾಕುವ ಕಡೆ ನೀರಿನ ಮೇಲೆ ಬಾಗಿದ ಒಂದು ಕೊಂಬೆ ಇದೆ. ಅದರಲ್ಲಿ ನನ್ನ ದಾರ ಎಷ್ಟು ಸಲ ಹರಿದಿದೆ ಅಂತ ಲೆಕ್ಕ ಇಟ್ಟಿಲ್ಲ. ಬೆಂಡಿಗೆ ಕೆಂಪು ಬಣ್ಣ ಬಳಿಯುವವನೂ ನಾನೇ.

ಒಳಮುಳ್ಳಿಲ್ಲದ ಗಾಳ ಬಳಸಿದರೆ ಮೀನು ತಪ್ಪಿಸಿಕೊಳ್ಳುತ್ತದಾ?

ಹಳೇಗಾಳ

ದಾರ ಸಡಿಲ ಬಿಟ್ಟರೆ ತಪ್ಪಿಸಿಕೊಳ್ಳುತ್ತದೆ. ಬಿಗಿ ಇಟ್ಟರೆ ಇಲ್ಲ. ನಾನು ಇಕ್ಕಳದಲ್ಲಿ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಬಿಡುತ್ತೇನೆ. ಮೊದಮೊದಲು ಹತ್ತರಲ್ಲಿ ಮೂರು ಹೋದವು. ಈಗ ಒಂದೂ ಹೋಗದ ದಿನವೂ ಇದೆ. ವಾಪಸ್ ಬಿಡುವ ಮೀನಿಗೂ ಒಳ್ಳೆಯದು. ಅದನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತದೆ. ಆ ಲೋಳೆಯೇ ಅದಕ್ಕೆ ಅಂಗಿ.

ತೊರೆಗಲ್ಲು

ಹಕ್ಕಿಗೆ ಅಪಾಯ ತರುವವುಗಳಲ್ಲಿ ದಾರದ ಜೊತೆ, ಗಾಳ ಮುಳುಗಲು ಕಟ್ಟುವ ಸೀಸದ ಗುಂಡನ್ನೂ ಸೇರಿಸಿ. ಬಾತು, ಹಂಸದಂಥ ಹಕ್ಕಿಗಳು ಆಹಾರ ಅರೆಯಲು ಸಣ್ಣ ಕಲ್ಲು ನುಂಗುತ್ತವೆ. ತಳದಲ್ಲಿ ಬಿದ್ದ ಸೀಸದ ಗುಂಡನ್ನೂ ಕಲ್ಲು ಅಂತ ನುಂಗುತ್ತವೆ. ಹೊಟ್ಟೆಯಲ್ಲಿ ಅದು ಸವೆದು ರಕ್ತಕ್ಕೆ ಸೇರಿ ವಿಷವಾಗುತ್ತದೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದವು. 1987ರಲ್ಲಿ 0.06 ಗ್ರಾಮಿನಿಂದ 28.35 ಗ್ರಾಮಿನವರೆಗಿನ ಹೆಚ್ಚಿನ ಸೀಸದ ಗುಂಡುಗಳನ್ನು ಗಾಳಕ್ಕೆ ಬಳಸುವಂತಿಲ್ಲ ಅಂತ ಅಲ್ಲಿ ನಿಯಮ ಬಂತು. ಆಮೇಲೆ ಹಂಸಗಳ ಸಂಖ್ಯೆ ಚೇತರಿಸಿಕೊಂಡಿತು. ತವರ, ಟಂಗ್‌ಸ್ಟನ್, ಉಕ್ಕಿನ ಗುಂಡು ಸಿಗುತ್ತವೆ. ಟಂಗ್‌ಸ್ಟನ್ ಸೀಸಕ್ಕಿಂತ ಭಾರ, ಗುಂಡು ಚಿಕ್ಕದಾದರೂ ಸಾಕು. ಸಣ್ಣ ಉರುಟು ಕಲ್ಲು ಕಟ್ಟಿಯೂ ನಾನು ನೋಡಿದ್ದೇನೆ. ಎಸೆಯಲು ಒರಟು, ಆದರೆ ಕಳೆದುಹೋದರೆ ಬೇಸರವಿಲ್ಲ.

ಹೊಸಗಣ್ಣು

ಗಾಳ ಮತ್ತು ಹಕ್ಕಿ ಎರಡರಲ್ಲೂ ಹೆಸರು ಮಾಡಿದವರು ಯಾರಾದರೂ ಇದ್ದಾರಾ? ಸುಮ್ನೆ ಕುತೂಹಲ.

ನೀರುಕೋಳಿ

ಇದ್ದಾರೆ. ಎಡ್ವರ್ಡ್ ಗ್ರೇ. ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಆಗಿದ್ದವರು. ರಜೆ ಸಿಕ್ಕರೆ ಇಚೆನ್ ನದಿಗೆ ಟ್ರೌಟ್ ಮೀನು ಹಿಡಿಯಲು ಓಡುತ್ತಿದ್ದರು. ಗಾಳದ ಬಗ್ಗೆಯೂ ಬರೆದರು, ಹಕ್ಕಿಗಳ ಬಗ್ಗೆಯೂ ಬರೆದರು. 1910ರ ಜೂನ್ 9ರಂದು ಅದೇ ನದಿಯ ಕಣಿವೆಯಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರನ್ನು ಕರೆದುಕೊಂಡು ಹಕ್ಕಿಗಳ ಹಾಡು ಕೇಳುತ್ತಾ ನಡೆದರು. ಮುಂದೆ ಗ್ರೇ ಅವರ ಕಣ್ಣು ಮಂಜಾಗುತ್ತಾ ಹೋಯಿತು. ಆಗ ಬೆಂಡೂ ಇಲ್ಲ, ಬಣ್ಣವೂ ಇಲ್ಲ. ಹಾಡು ಮಾತ್ರ ಉಳಿಯಿತು. ಆಕ್ಸ್‌ಫರ್ಡಿನಲ್ಲಿ ಹಕ್ಕಿಗಳ ಅಧ್ಯಯನಕ್ಕೆ ಅವರ ಹೆಸರಿನದೇ ಸಂಸ್ಥೆ ಇದೆ, 1938ರಲ್ಲಿ ಶುರುವಾದದ್ದು.

ನನಗೆ ಇದರಿಂದ ಒಂದು ಅಭ್ಯಾಸ ಬಂತು. ನದಿಗೆ ಹೋದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ. ಹೊಸಗಣ್ಣು, ನಿಮಗೆ ಮಿಂಚುಳ್ಳಿ ಕಾಣುವುದಿಲ್ಲ ಅಂದಿರಲ್ಲ. ಅದು ಬರುವ ಮೊದಲು ಚೀ ಅಂತ ಒಂದು ಚೂಪು ಸೀಟಿ ಹಾಕುತ್ತದೆ. ಸೀಟಿ ಕೇಳಿದ ಮೇಲೆ ನೀರಿನ ಮೇಲೆ ಮೊಣಕಾಲೆತ್ತರದಲ್ಲಿ ನೋಡಿ. ಅಲ್ಲೇ ಹೋಗುತ್ತದೆ.

ಬೆಂಡುಗಾರ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ.

ಬೈನಾಕ್ಯುಲರ್ ಬಂತು, 8x42. ಆದರೆ ಮೊದಲ ದಿನ ಅದನ್ನು ಬಳಸಲಿಲ್ಲ. ಉದ್ದದ ಕೋಲಿಗೆ ಕುಡುಗೋಲು ಕಟ್ಟಿಕೊಂಡು ಆ ಕೊಂಬೆಯ ಹತ್ತಿರ ಹೋದೆ. ನೀರು ಎದೆಮಟ್ಟ. ಎರಡು ಗಂಟೆ ಹಿಡಿಯಿತು. ಒಂದು ಮುಷ್ಟಿ ದಾರ, ಐದು ಗಾಳ, ಮೂರು ಬೆಂಡು. ಅದರಲ್ಲಿ ಎರಡು ನನ್ನವೇ, ಬಣ್ಣ ಬಳಿದ ಕೈ ಗುರುತು ಸಿಕ್ಕಿತು. ಒಂದು ದಾರದ ತುದಿಯಲ್ಲಿ ಸಣ್ಣ ಕಪ್ಪು ಗರಿಗಳು ಸಿಕ್ಕಿಕೊಂಡಿದ್ದವು. ಯಾವ ಹಕ್ಕಿಯದು ಅಂತ ಗೊತ್ತಾಗಲಿಲ್ಲ.

ಮರುದಿನ ಬೈನಾಕ್ಯುಲರ್ ತೆಗೆದುಕೊಂಡು ಕೂತೆ. ಮಿಂಚುಳ್ಳಿ ಬಂತು. ಕೆಳಕೊಕ್ಕು ಕೆಂಪು, ಹೆಣ್ಣು. ಮೀನು ಹಿಡಿದು ಅದೇ ಕೊಂಬೆಗೆ ನಾಲ್ಕು ಸಲ ಬಡಿಯಿತು. ಮೀನಿನ ತಲೆ ಹೊರಗಡೆ! ನೀರುಕೋಳಿಯವರು ಹೇಳಿದ್ದು ನೆನಪಾಯಿತು. ಎದುರು ದಡದ ಕಡೆ ತಿರುಗಿ ಕೂತು ತಲೆ ಮೇಲೆ ಕೆಳಗೆ ಮಾಡಿತು. ಹಾರಲಿಲ್ಲ. ಹತ್ತು ನಿಮಿಷ ಹಾಗೇ ಇತ್ತು. ಬೈನಾಕ್ಯುಲರಿನಲ್ಲಿ ಎದುರು ದಡ ನೋಡಿದರೆ ಮಣ್ಣಿನ ಗೋಡೆಯಲ್ಲಿ ಒಂದು ತೂತು, ಅದರ ಕೆಳಗೆ ಬಿಳಿ ಗೆರೆ ಇಳಿದಿದೆ. ನಾನು ಹನ್ನೆರಡು ವರ್ಷದಿಂದ ಕೂರುವ ಕಲ್ಲು ಅದಕ್ಕೆ ಸರಿಯಾಗಿ ಎದುರು. ನಡುವೆ ಇಪ್ಪತ್ತು ಅಡಿ ನೀರು.

ಈಗ ಎಲ್ಲಿ ಕೂರಲಿ?

ನೀರುಕೋಳಿ

ಮೀನು ಕಚ್ಚಿಕೊಂಡು ತಲೆ ಆಡಿಸುತ್ತಾ ಕೂತಿತ್ತು ಅಂದರೆ ನಿಮ್ಮಿಂದಾಗಿ ಗೂಡಿಗೆ ಹೋಗುತ್ತಿರಲಿಲ್ಲ. ಕೂಡಲೇ ಆ ಕಲ್ಲು ಬಿಡಿ. ಬಿಳಿ ಗೆರೆ ಅಂದರೆ ಹಿಕ್ಕೆ, ಒಳಗೆ ಮರಿಗಳಿವೆ. ಸಾಮಾನ್ಯವಾಗಿ ಐದರಿಂದ ಏಳು ಇರುತ್ತವೆ. ಮೊಟ್ಟೆಯೊಡೆದು 23ರಿಂದ 27 ದಿನಕ್ಕೆ ಹೊರಬರುತ್ತವೆ. ಅಷ್ಟು ಬಾಯಿಗೆ ಮೀನು ತರಬೇಕು, ಒಂದು ಗಂಟೆ ತಡವಾದರೂ ಮರಿಗೆ ಕಷ್ಟ. ತೂತಿನ ಫೋಟೊ, ಜಾಗದ ಗುರುತು ಎಲ್ಲೂ ಹಾಕಬೇಡಿ. ಮರಿಗಳು ಹೊರಬಂದ ಮೇಲೂ ಸ್ವಲ್ಪ ದಿನ ದೂರ ಇರಿ. ಎಷ್ಟೋ ಜೋಡಿ ಅದೇ ವರ್ಷ ಇನ್ನೊಂದು ಸಲ ಮೊಟ್ಟೆಯಿಡುತ್ತವೆ.

ಹಳೇಗಾಳ

ನೂರು ಹೆಜ್ಜೆ ಕೆಳಗೆ ಹೋಗು ತಮ್ಮಾ, ತೂತು ಕಾಣದಷ್ಟು ದೂರ. ಎದುರು ದಡದಲ್ಲಿ ಗೋಡೆಯಂಥ ಮಣ್ಣಿದೆ ಅಂದರೆ ನೀರು ಅದನ್ನು ಕೊರೆಯುತ್ತಿದೆ, ಅಲ್ಲಿ ಆಳ. ತಿರುವು ದಾಟಿದ ಮೇಲೆ ಆ ನೀರು ನಿಧಾನವಾಗುವ ಕಡೆ ಒಂದು ಮಡು ಇರಬೇಕು. ಕೋಲಿನಿಂದ ಆಳ ನೋಡಿಕೋ. ಎರಡಾಳು ಇದ್ದರೆ ಬೆಂಡು ಬೇಡ, ತಳಕ್ಕೇ ಬಿಡು.

ಬೆಂಡುಗಾರ

ಮಡು ಇದೆ. ಒಂದೂವರೆ ಆಳು. ಬಾಗಿದ ಕೊಂಬೆ ಇಲ್ಲ. ಬೆಂಡಿಗೆ ಹಸಿರು ಬಳಿದಿದ್ದೇನೆ, ನನಗೇ ಸರಿಯಾಗಿ ಕಾಣುತ್ತಿಲ್ಲ.